ಅಜ್ಜಿಮರದ ಮೇಲೆ ಒನೋಫ್ರೆ

ಸುನಿಲ್ಡಾ ಗಂಡನ ಹೆಣದ ಪಕ್ಕದಿಂದ ಎದ್ದು ಸೀದಾ ಒಲೆಯ ಕಡೆ ನಡೆದು, ಕುದಿಯುತ್ತಿದ್ದ ಕುರಿಮಾಂಸದ ಹಂಡೆಗೆ ಸೌಟು ಇಳಿಸಿ ರುಚಿ ನೋಡಿದಳು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಅವಳನ್ನೇ ನೋಡಿದರು. ಉಪ್ಪು ಸಾಲದು ಎಂದು ಅವಳು ಒಂದು ಹಿಡಿ ಉಪ್ಪು ಹಾಕಿ, ಕಲಕಿ, ಕೈ ಒರೆಸಿಕೊಂಡು ಮತ್ತೆ ಬಂದು ಹೆಣದ ಪೆಟ್ಟಿಗೆಯ ತಲೆಯ ಕಡೆ ಕೂತಳು. ಒನೋಫ್ರೆಯ ಸಾವಿನ ಊಟ ಸಪ್ಪೆಯಾಗಿತ್ತು ಅಂತ ನಾಳೆ ನಾಲ್ಕು ಜನ ಆಡಿಕೊಂಡರೆ ಅದಕ್ಕಿಂತ ಅವಮಾನ ಬೇರೆ ಬೇಕೆ? ಬದುಕಿದ್ದಾಗ ಊಟದ ವಿಷಯದಲ್ಲಿ ಆ ಮನುಷ್ಯ ಯಾರ ಮುಲಾಜೂ ನೋಡಿದವನಲ್ಲ.

ಚಪ್ಪರದ ಸುತ್ತ ಕುದುರೆ ಸವಾರರು ಕೂಗು ಹಾಕುತ್ತ ಸುತ್ತುತ್ತಿದ್ದರು. ಕೆಟ್ಟದ್ದು ಯಾವುದೂ ಹತ್ತಿರ ಸುಳಿಯಬಾರದೆಂದು ಹೆಣ ಎತ್ತುವವರೆಗೆ ಹಾಗೆ ಸುತ್ತಬೇಕು. ಎದ್ದ ಧೂಳೆಲ್ಲ ರೊಟ್ಟಿಯ ಬುಟ್ಟಿಗಳ ಮೇಲೆ ಕೂರುತ್ತಿತ್ತು. ಅಕ್ಕಪಕ್ಕದ ಕಣಿವೆಗಳವರು ಒಂದೊಂದು ಮನೆತನಕ್ಕೆ ಒಂದೊಂದು ಒಲೆ ಹೂಡಿಕೊಂಡು ಕೂತಿದ್ದರು. ಇಷ್ಟು ಜನ, ಇಷ್ಟು ಕುದುರೆ ಪಿನಾಲ್ಕೋ ಕಣಿವೆಗೆ ಯಾವ ಹಿರಿಯನ ಸಾವಿಗೂ ಬಂದದ್ದಿಲ್ಲ. ಒನೋಫ್ರೆ ಹಿರಿಯನೂ ಅಲ್ಲ, ಮಾತುಗಾರನೂ ಅಲ್ಲ. ಆಡು ಮೇಯಿಸಿಕೊಂಡು, ಪೆವೆನ್ ಮರದ ಬೀಜ ಆಯ್ದುಕೊಂಡು ಬದುಕಿದವನು. ಆದರೆ ಕಣಿವೆಯ ಎಲ್ಲಕ್ಕಿಂತ ಹಳೆಯ ಪೆವೆನ್ ಆದ ಅಜ್ಜಿಮರವನ್ನು ಮರ ಕಡಿಯುವ ಕಂಪನಿಯ ಗರಗಸದಿಂದ ಉಳಿಸಿದವನು ಅವನೇ ಅಂತ ಕಣಿವೆಯ ಮಗು ಮಗುವಿಗೂ ಗೊತ್ತು.

ಹೆಣ ಎತ್ತುವ ಮುಂಚೆ ಒಂದು ಕೆಲಸ ಆಗಬೇಕಿತ್ತು. ಸತ್ತವನ ತಂದೆಯ ಕಡೆಯವರೊಬ್ಬರು, ತಾಯಿಯ ಕಡೆಯವರೊಬ್ಬರು ಪೆಟ್ಟಿಗೆಯ ಆಚೆ ಈಚೆ ನಿಂತು ಅವನ ಬದುಕನ್ನು ಜನರೆದುರು ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಬೇಕು. ಒಳ್ಳೆಯದೂ ಬರಬೇಕು, ಕೆಟ್ಟದ್ದೂ ಬರಬೇಕು, ಇದ್ದದ್ದು ಇದ್ದಹಾಗೆ. ಸುಳ್ಳು ಬೆರೆತರೆ ಸತ್ತವನು ತಾನು ಯಾರೆಂದೇ ತಿಳಿಯದೆ ಒಲೆಗಳ ಸುತ್ತ ಅಲೆಯುತ್ತಾನೆ, ಮಾಟಗಾರರ ಕೈಗೆ ಸಿಕ್ಕಿ ಅವರ ಆಳಾಗಿ ದುಡಿಯುತ್ತಾನೆ. ಇದು ಮುತ್ತಾತಂದಿರ ಕಾಲದಿಂದ ಬಂದ ಮಾತು, ಇದರಲ್ಲಿ ಚೌಕಾಸಿ ನಡೆಯುವುದಿಲ್ಲ.

ತಂದೆಯ ಕಡೆಗೆ ಬರ್ನಾಬೆ ಇದ್ದ. ಒನೋಫ್ರೆಯ ದೊಡ್ಡಪ್ಪನ ಮಗ, ಈಗ ಕಣಿವೆಯ ಹಿರಿಯ, ಗಂಟಲು ಇನ್ನೂ ಗಟ್ಟಿ. ತಾಯಿಯ ಕಡೆಯವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು. ಉಳಿದವಳು ಸುನಿಲ್ಡಾ ಒಬ್ಬಳೇ, ಯಾಕೆಂದರೆ ಒನೋಫ್ರೆ ಕಟ್ಟಿಕೊಂಡದ್ದು ಸೋದರಮಾವನ ಮಗಳನ್ನು. ಪಕ್ಕದ ಕಣಿವೆಯಿಂದ ಒಬ್ಬ ಒಳ್ಳೆಯ ಮಾತುಗಾರನನ್ನು ನಿಲ್ಲಿಸೋಣ, ಹೇಳಿಕೊಟ್ಟದ್ದನ್ನು ಚೆನ್ನಾಗಿ ಹೇಳುತ್ತಾನೆ ಎಂದು ಬರ್ನಾಬೆ ಬೆಳಿಗ್ಗೆಯೇ ಅಂದಿದ್ದ.

"ನಾನಿದೀನಲ್ಲ ಭಾವ, ನಾನೇ ನಿಲ್ತೀನಿ," ಅಂದಿದ್ದಳು ಸುನಿಲ್ಡಾ.

ಹೆಂಗಸು ನಿಲ್ಲಬಾರದೆಂದು ಯಾರೂ ಎಲ್ಲೂ ಹೇಳಿರಲಿಲ್ಲ. ನಿಂತದ್ದನ್ನು ಯಾರೂ ಕಂಡಿರಲೂ ಇಲ್ಲ. ಬರ್ನಾಬೆ ಮೀಸೆ ಕಚ್ಚಿಕೊಂಡು, ಆಗಲಿ ಎಂದು ಹೋಗಿದ್ದ.

ಈಗ ಮಗ ಅಬೆಲಿನೊ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ. ಅವನು ಕಣಿವೆಯ ಶಾಲೆಯ ಮೇಷ್ಟ್ರು. ಶಾಲೆಯ ಗೋಡೆಯ ತುಂಬ ಅಪ್ಪನ ಚಿತ್ರ ಬರೆಸಿದವನೂ ಅವನೇ: ಮರದ ತುದಿಯಲ್ಲಿ ಎದೆಯುಬ್ಬಿಸಿ ಕೂತ ಒನೋಫ್ರೆ, ಕೆಳಗೆ ಇರುವೆಗಳಷ್ಟು ಸಣ್ಣ ಕಂಪನಿಯ ಜನ. ದೊಡ್ಡಪ್ಪ ಹೇಳಿದ್ದಕ್ಕೆಲ್ಲ ಹೌದು ಅಂದರೆ ಸಾಕು, ಅವ್ವ ಹೆಚ್ಚಿಗೆ ಮಾತಾಡಿ ದಣಿಯುವುದು ಬೇಡ ಎಂದ. ಸುನಿಲ್ಡಾ ಅವನ ತೋಳು ಹಿಡಿದು ಸೌದೆಯ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋದಳು.

"ನಿಮ್ಮಪ್ಪ ಮರ ಕಾಯೋಕೆ ಅಂತ ಹತ್ತಿದ್ದಲ್ಲ ಕಣೋ. ಕಾಯಿ ಕದಿಯೋಕೆ ಹತ್ತಿದ್ದು."

ಅಬೆಲಿನೊ ಅವ್ವನಿಗೆ ದುಃಖದಲ್ಲಿ ತಲೆ ಕೆಟ್ಟಿತೇನೋ ಎಂಬಂತೆ ನೋಡಿದ. ಮರದ ಪೂಜೆ ಆಗುವವರೆಗೆ ಪೆವೆನ್ ಕಾಯಿಗೆ ಯಾರೂ ಕೈ ಹಚ್ಚುವ ಹಾಗಿಲ್ಲ. ಪೂಜೆಗೆ ಮುಂಚೆ ಕಾಯಿ ಕಿತ್ತವನೆಂದರೆ ಈ ಕಣಿವೆಯಲ್ಲಿ ಕೂಸು ಕುಡಿಯುವ ಮೊದಲೇ ತಾಯ ಹಾಲು ಕದ್ದವನ ಹಾಗೆ. ಅವನಿಗೆ ಯಾರೂ ಬೆಂಕಿ ಕೊಡುವುದಿಲ್ಲ, ಅವನ ಮಕ್ಕಳಿಗೆ ಹೆಣ್ಣು ಕೊಡುವುದಿಲ್ಲ. ಅದರಲ್ಲೂ ಅಜ್ಜಿಮರದ ಕಾಯಿ.

"ಈ ಮಾತು ನಿನ್ನ ಹೊಟ್ಟೇಲೇ ಇರ್ಲಿ ಅವ್ವಾ," ಎಂದ ಮಗ. "ಪೇಟೇಲಿ ಬೆಟ್ಟದವರು ಅಂತ ನಮ್ಮನ್ನ ಕಾಲ ಕಸ ಮಾಡೋರು. ಒನೋಫ್ರೆ ಕಡೆಯವರು ಅಂತ ಹೇಳ್ಕೊಂಡ ಮೇಲೆ ನಾವು ತಲೆ ಎತ್ತಿದ್ದು. ನೀನು ಹೀಗಂದುಬಿಟ್ರೆ ನಾಳೆ ಆ ಗೋಡೆ ಮುಂದೆ ನಿಂತು ಮಕ್ಕಳಿಗೆ ಏನು ಹೇಳ್ಲಿ?"

"ಪೂರ್ತಿ ಕೇಳೋ ಮೊದ್ಲು."

ಪೂರ್ತಿ ಕೇಳಲು ಅವನು ನಿಲ್ಲಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳಿಗೂ ಗೊತ್ತಿತ್ತು. ಹೇಳದಿದ್ದರೆ ಗಂಡನಿಗೆ ದಾರಿಯಿಲ್ಲ. ಹೇಳಿದರೆ ಅವನ ಹೆಸರೂ ಇಲ್ಲ, ಮಗನ ಮುಖವೂ ಇಲ್ಲ. ಅವಳು ಸೌದೆಯ ರಾಶಿಗೆ ಕೈ ಊರಿಕೊಂಡು ನಿಂತು, ನೀನು ಸತ್ತರೂ ನನಗೆ ಕೆಲಸ ತಪ್ಪಲಿಲ್ಲವಲ್ಲ ಮಹಾರಾಯ ಎಂದು ಗಂಡನನ್ನು ಮನಸ್ಸಿನಲ್ಲೇ ಬೈದಳು.

*

ಅದು ಅಬೆಲಿನೊ ಇನ್ನೂ ಹೊಟ್ಟೆಯಲ್ಲಿದ್ದ ಬೇಸಿಗೆ. ಕಣಿವೆಯವರೆಲ್ಲ ಆಡು ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿ ಗುಡಿಸಲು ಹಾಕಿದ್ದರು. ಗುಡಿಸಲುಗಳಿಂದ ಒಂದು ಕೂಗಿನಷ್ಟು ದೂರದಲ್ಲಿ ಅಜ್ಜಿಮರ. ಬಿಳಿಯರ ಹಡಗು ಈ ನೆಲ ಕಾಣುವ ಮೊದಲೇ ಅದು ಅಜ್ಜಿಯಾಗಿತ್ತು. ಬರಿಗಾಲಲ್ಲಿ ನಡೆದ ಮುದುಕಿಯ ಹಿಮ್ಮಡಿಯ ಹಾಗೆ ಬಿರಿದ ತೊಗಟೆ. ಆಳಿನ ಮೇಲೆ ಆಳು ನಿಂತರೂ ಮೊದಲ ಕೊಂಬೆ ಸಿಗುತ್ತಿರಲಿಲ್ಲ. ಮೇಲೆ ಹರಡಿದ ಕೊಡೆ, ಮುಟ್ಟಿದರೆ ಚರ್ಮ ಕೊಯ್ಯುವ ಎಲೆ, ಅದರ ನಡುವೆ ಮನುಷ್ಯನ ತಲೆಯಷ್ಟು ದಪ್ಪ ಹಸಿರು ಕಾಯಿಗಳು. ಕೆಟ್ಟ ಚಳಿಗಾಲದಲ್ಲಿ ಕಣಿವೆಯನ್ನು ಬದುಕಿಸಿದ್ದು ಆ ಬೀಜಗಳೇ. ಅದಕ್ಕೆ ಅಜ್ಜಿ ಎಂಬ ಹೆಸರು ಬಾಯುಪಚಾರಕ್ಕೆ ಬಂದದ್ದಲ್ಲ.

ಗಿಳಿಗಳು ಕಾಯಿ ಕುಕ್ಕಲು ಶುರು ಮಾಡಿದ್ದವು. ಗಿಳಿಗೆ ಪೂಜೆಯ ಹಂಗಿಲ್ಲ. ಒನೋಫ್ರೆ ಅವುಗಳನ್ನು ನೋಡಿ ಜೊಲ್ಲು ನುಂಗುವುದನ್ನು ಸುನಿಲ್ಡಾ ಕಂಡಿದ್ದಳು, ಬಸುರಿ ನಾನೋ ನೀನೋ ಎಂದು ರೇಗಿಸಿದ್ದಳು. ಒಂದು ಬೆಳಿಗ್ಗೆ ಅವನ ಹಾಸಿಗೆ ಖಾಲಿ ಇತ್ತು. ತೊಗಲಿನ ಹಗ್ಗ, ಚೀಲ ಎರಡೂ ಇರಲಿಲ್ಲ. ಯಾರಿಗೂ ಹೇಳದೆ ನೀರಿಗೆ ಹೋಗುವವಳ ಹಾಗೆ ಕೊಡ ಹಿಡಿದು ಹೊರಟಳು.

ಅವಳು ಅರ್ಧ ದಾರಿಯಲ್ಲಿರುವಾಗ ಕೆಳಗಿನ ರಸ್ತೆಯಿಂದ ಮೋಟಾರು ಗರಗಸಗಳ ಸದ್ದು ಬಂತು. ಕಂಪನಿಯವರು ಬರುತ್ತಾರಂತೆ ಎಂಬ ಗಾಳಿಸುದ್ದಿ ವರ್ಷದಿಂದ ಇತ್ತು. ಬೇಸಿಗೆಯಲ್ಲಿ, ಜನರೆಲ್ಲ ಮೇಲಿರುವಾಗ ಬರುತ್ತಾರೆಂದು ಯಾರೂ ನೆನೆಸಿರಲಿಲ್ಲ. ಗಂಡಸರು ಕೈಗೆ ಸಿಕ್ಕಿದ್ದು ಹಿಡಿದು ಓಡಿದರು. ಎಲ್ಲರಿಗಿಂತ ಮುಂದೆ ಬರ್ನಾಬೆ, ಆಗಿನ್ನೂ ಮೀಸೆ ಕಪ್ಪಗಿದ್ದ ಪ್ರಾಯ.

ಕಂಪನಿಯ ಮೇಸ್ತ್ರಿ ಮೊದಲು ಅಜ್ಜಿಮರವನ್ನೇ ಆರಿಸಿಕೊಂಡಿದ್ದ. ದೊಡ್ಡದನ್ನು ಕೆಡವಿದರೆ ಚಿಕ್ಕವುಗಳ ಬಗ್ಗೆ ಜಗಳ ಇರುವುದಿಲ್ಲ ಎಂಬ ಲೆಕ್ಕ. ಗರಗಸ ತೊಗಟೆಗೆ ತಾಗಬೇಕು ಎನ್ನುವಾಗ ಮೇಲೆ ಯಾರೋ ಕೆಮ್ಮಿದರು. ಎಲ್ಲರೂ ಕತ್ತೆತ್ತಿದರು. ಎಲೆಗಳ ಸಂದಿಯಲ್ಲಿ ಎರಡು ಕಾಲು ಕಂಡವು.

"ಒನೋಫ್ರೆ!" ಎಂದು ಕೂಗಿದವನು ಬರ್ನಾಬೆ. "ನೋಡ್ರೋ, ನಮ್ಮ ಒನೋಫ್ರೆ ಅಜ್ಜಿಮರ ಕಾಯ್ತಾ ಕೂತವ್ನೆ!"

ಕಣಿವೆಯವರ ಕೂಗಿಗೆ ಗಿಳಿಗಳೆಲ್ಲ ಎದ್ದು ಹಾರಿದವು. ಕೊಡ ಹಿಡಿದು ನಿಂತ ಸುನಿಲ್ಡಾಳಿಗೆ ಮಾತ್ರ ಗಂಡನ ಕೆಮ್ಮಿನ ಅರ್ಥ ಗೊತ್ತಿತ್ತು. ಅದು ಬಾಯಿ ತುಂಬಿಕೊಂಡವನು ಸಿಕ್ಕಿಬಿದ್ದಾಗ ಬರುವ ಕೆಮ್ಮು.

*

ಆಮೇಲೆ ಪ್ರತಿ ವರ್ಷ ಮರದ ಪೂಜೆಯ ದಿನ ಅವನನ್ನು ಎದುರಿಗೆ ಕರೆದು ನಿಲ್ಲಿಸುತ್ತಿದ್ದರು. ಹೇಳು, ಹೇಳು ಎನ್ನುತ್ತಿದ್ದರು. ಅವನು ನೆಲ ನೋಡಿಕೊಂಡು, "ಬರ್ನಾಬೆ ಹೇಳ್ತಾನೆ ಬಿಡಿ," ಎನ್ನುತ್ತಿದ್ದ. ಬರ್ನಾಬೆ ಹೇಳುತ್ತಿದ್ದ. ವರ್ಷದಿಂದ ವರ್ಷಕ್ಕೆ ಆ ಕತೆಯಲ್ಲಿ ಮೊದಲು ನನ್ನನ್ನ ಕಡೀರಿ ಎನ್ನುವ ಒನೋಫ್ರೆಯ ದನಿ ದಪ್ಪವಾಯಿತು, ಕಂಪನಿಯವರು ಹೆಚ್ಚಾದರು, ಮೇಸ್ತ್ರಿ ಅವನಿಗೆ ಹೆದರಿ ಮರದಡಿ ಹಾಕಿದ್ದ ಡೇರೆ ಕಿತ್ತು ದೂರ ಹಾಕಿಕೊಂಡ. ಎಂಥ ವಿನಯ ನೋಡು ಎಂದು ಜನ ಮೆಚ್ಚುತ್ತಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಸುನಿಲ್ಡಾ ಒಳಗೇ ನಗುತ್ತಿದ್ದಳು. ಆದರೆ ಮನೆಗೆ ಬಂದ ಮೇಲೆ ಅವನು ಆ ದಿನ ಊಟ ಮಾಡುತ್ತಿರಲಿಲ್ಲ. ಬೇರೆ ದಿನ ಎರಡು ಸಲ ಬಡಿಸಿಕೊಳ್ಳುವ ಮನುಷ್ಯ.

ಒಮ್ಮೆ ಅವನು ಬರ್ನಾಬೆಗೆ ನಿಜ ಹೇಳಲು ಹೋಗಿಯೂ ಇದ್ದ. ಬರ್ನಾಬೆಯ ಅಂಗಳದಲ್ಲಿ ಪರವೂರಿನ ಜನ ಕೂತಿದ್ದರು, ಅವರ ಮುಂದೆ ಬರ್ನಾಬೆ ತಮ್ಮನ ಹೆಗಲ ಮೇಲೆ ಕೈ ಹಾಕಿ ಬೀಗಿದ. ಒನೋಫ್ರೆ ಒಂದು ಬಟ್ಟಲು ಮುದಾಯ್ ಹೆಂಡ ಕುಡಿದು ವಾಪಸ್ಸು ಬಂದ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಹೋದ ವಾರ, ಉಸಿರು ಗಂಟಲಲ್ಲಿ ಗೊರಗೊರ ಎನ್ನುತ್ತಿದ್ದಾಗ, ಅವನು ಹೆಂಡತಿಯ ಶಾಲಿನಂಚು ಹಿಡಿದುಕೊಂಡ.

"ಅವತ್ತು ನೀನೇ ನಿಲ್ಲು. ಎಲ್ಲಾ ಹೇಳು. ಇನ್ನೊಬ್ಬನ ಅಂಗಿ ಹಾಕ್ಕೊಂಡು ನಾನು ಅಲ್ಲಿಗೆ ಹೋಗಲಾರೆ ಸುನಿಲ್ಡಾ. ಅಪ್ಪ ಗುರುತು ಹಿಡಿಯಲ್ಲ."

*

ಕುದುರೆಗಳು ನಿಂತವು. ಬರ್ನಾಬೆ ಪೆಟ್ಟಿಗೆಯ ಆಚೆ, ಸುನಿಲ್ಡಾ ಈಚೆ. ಬರ್ನಾಬೆ ಒನೋಫ್ರೆಯ ಅಜ್ಜ ಮುತ್ತಜ್ಜಂದಿರಿಂದ ಶುರು ಮಾಡಿದ. ಹುಟ್ಟಿದ ವರ್ಷದ ಹಿಮ, ಮೊದಲು ಹತ್ತಿದ ಕುದುರೆ, ಹೊಡೆದ ಹೊಡೆತ, ತಿಂದ ಹೊಡೆತ ಎಲ್ಲ ಬಂತು. ಸುನಿಲ್ಡಾ ತನ್ನ ಕಡೆಯಿಂದ ಸೇರಿಸುತ್ತ ಹೋದಳು: ಅತ್ತೆಯ ಮನೆತನ, ಅವನ ಮುಂಗೋಪ, ಕುಡಿದು ಬಂದು ಆಡಿನ ಕೊಟ್ಟಿಗೆಯಲ್ಲಿ ಮಲಗಿದ್ದು, ಹೆರಿಗೆಯಾದಾಗ ಹೆಣ್ಣಿನ ಹಾಗೆ ಅತ್ತದ್ದು. ಪ್ರತಿ ಸಲವೂ ಜನ, ಹೌದು, ಹೀಗೇ ಇದ್ದ ಎಂದು ಒಕ್ಕೊರಲಿನಿಂದ ಒಪ್ಪಿದರು. ಆಮೇಲೆ ಬರ್ನಾಬೆ ಅಜ್ಜಿಮರಕ್ಕೆ ಬಂದ. ದನಿ ಏರಿತು. ಗರಗಸದ ಸದ್ದು ಕೇಳಿದ್ದೇ ತಡ ಮರ ಹತ್ತಿದ ತಮ್ಮನ ಪೌರುಷವನ್ನು ಎಂದಿಗಿಂತ ಚೆನ್ನಾಗಿ ಹೇಳಿದ. ಮುಗಿಸಿ, ಈಗ ನಿನ್ನ ಸರದಿ ಎಂಬಂತೆ ಸುನಿಲ್ಡಾಳ ಕಡೆ ತಿರುಗಿದ.

ಜನರ ನಡುವೆ ನಿಂತ ಅಬೆಲಿನೊ ಅವ್ವನನ್ನು ನೋಡಿ ತಲೆ ಅಲ್ಲಾಡಿಸಿದ.

"ಹೀಗಿರ್ಲಿಲ್ಲ ಭಾವ," ಎಂದಳು ಸುನಿಲ್ಡಾ.

ಅವಳು ಹೇಳಿದಳು. ಗಿಳಿಗಳನ್ನು ನೋಡಿ ಜೊಲ್ಲು ನುಂಗಿದ್ದು, ಖಾಲಿ ಹಾಸಿಗೆ, ಚೀಲ, ಪೂಜೆಯಾಗದ ಕಾಯಿ. ದನಿ ಎತ್ತಲೂ ಇಲ್ಲ, ತಗ್ಗಿಸಲೂ ಇಲ್ಲ. ಯಾರೋ ಮುದುಕ ಥೂ ಎಂದದ್ದು ಅವಳಿಗೆ ಕೇಳಿಸಿತು. ಅಬೆಲಿನೊ ಟೋಪಿ ಎಳೆದು ಮುಖ ಮುಚ್ಚಿಕೊಂಡ.

ಬರ್ನಾಬೆಯ ಮುಖ ಕಪ್ಪಿಟ್ಟಿತ್ತು. ಎದುರಿನವರು ಒಪ್ಪದಿದ್ದರೆ ಪ್ರಶ್ನೆ ಕೇಳುವುದು ಅವನ ಹಕ್ಕು.

"ಎಷ್ಟು ತಿಂದ?" ಎಂದ.

"ಚೀಲ ಅರ್ಧ ಖಾಲಿ ಆಗೋವಷ್ಟು."

"ಹಸೀದೋ?"

"ಇನ್ನೇನು, ಮರದ ಮೇಲೆ ಯಾರು ಸುಟ್ಟು ಕೊಡ್ತಾರೆ? ಹಸೀ ಕಾಯಿ, ಎಳೇದು ಬೇರೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಕೆಟ್ಟಿತ್ತು."

ಪಕ್ಕದ ಕಣಿವೆಯ ಒಬ್ಬ ಅಜ್ಜಿ ಬಾಯಿಯ ಹುಲ್ಲುಕಡ್ಡಿ ತೆಗೆದು, ಎಲ್ಲರಿಗೂ ಕೇಳುವ ಹಾಗೆ, "ಓ, ಅದಕ್ಕೇ ಆ ಮೇಸ್ತ್ರಿ ಡೇರೆ ಕಿತ್ತು ದೂರ ಹಾಕಿದ್ದು," ಅಂದಳು.

ಮೊದಲು ಹೆಂಗಸರ ಕಡೆಯಿಂದ ಒಂದು ಕಿಸಕ್ಕನೆ ನಗು ಬಂತು. ಆಮೇಲೆ ಕುದುರೆಯ ಮೇಲಿದ್ದವರು ಕುದುರೆಯ ಕುತ್ತಿಗೆಗೆ ಒರಗಿ ನಕ್ಕರು. ಅಳುತ್ತಿದ್ದವರು ಕಣ್ಣೀರಲ್ಲೇ ನಕ್ಕರು. ಹೆಣದ ಮುಂದೆ ಇಷ್ಟು ದೊಡ್ಡ ನಗು ಆ ಕಣಿವೆಯಲ್ಲಿ ಎದ್ದಿರಲಿಲ್ಲ. ಬರ್ನಾಬೆ ಒಬ್ಬ ನಗಲಿಲ್ಲ. ಅವನು ಅಷ್ಟು ವರ್ಷ ಎದೆ ತಟ್ಟಿಕೊಂಡು ಹೇಳಿದ ಕತೆಗೆ ಎಲ್ಲರೂ ನಗುತ್ತಿದ್ದರು. ಅವನು ಪೆಟ್ಟಿಗೆಗೆ ಬೆನ್ನು ತಿರುಗಿಸಿ ಹೋಗಿಬಿಟ್ಟರೆ ಹೇಳಿಕೆ ಅರ್ಧಕ್ಕೇ ನಿಲ್ಲುತ್ತದೆ. ಒನೋಫ್ರೆಯೂ ಅಲ್ಲೇ ನಿಲ್ಲುತ್ತಾನೆ. ಸುನಿಲ್ಡಾ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

"ಇನ್ನೂ ಇದೆ ಭಾವ. ಕೇಳು," ಎಂದಳು. "ಅವತ್ತು ಸಂಜೆ ನೀವೆಲ್ಲ ಊಟಕ್ಕೆ ಗುಡಿಸಲಿಗೆ ಹೋದ್ರಿ. ಕಂಪನಿಯವರೂ ಒಲೆ ಹಚ್ಕೊಂಡು ಕೂತಿದ್ರು. ಮರದ ಕೆಳಗೆ ನಾನೊಬ್ಬಳೇ. ಇಳಿದು ಬಾ, ಚೀಲ ನಾನು ಹೂಳ್ತೀನಿ, ಯಾರಿಗೂ ಗೊತ್ತಾಗಲ್ಲ, ಸುಸ್ತಾಯ್ತು ಅಂತ ಇಳಿದೆ ಅನ್ನು, ಇಷ್ಟು ಮಾಡಿದ್ದೇ ಹೆಚ್ಚು ಅಂತ ಎಲ್ಲಾರೂ ಅಂತಾರೆ ಅಂತ ಹೇಳಿದೆ. ಅವನು ಹಗ್ಗ ಬಿಚ್ಚಿದ. ಒಂದು ಕಾಲು ಇಳಿಸಿಯೂ ಇಳಿಸಿದ. ಆಮೇಲೆ ಕಾಲು ಮೇಲಕ್ಕೆಳೆದುಕೊಂಡ."

ನಗು ಎಲ್ಲೋ ನಿಂತುಹೋಗಿತ್ತು.

"ಏನಂದ?" ಎಂದು ಕೇಳಿದವನು ಬರ್ನಾಬೆಯಲ್ಲ, ಅಬೆಲಿನೊ.

"ಅಜ್ಜಿ ತಲೆ ಮೇಲೆ ಕೂತು ಅವಳದ್ದೇ ಕದ್ದು ತಿಂದೆ. ಅವಳು ನನ್ನನ್ನ ಕೆಳಕ್ಕೆ ಕೊಡವಲಿಲ್ಲ. ಈಗ ಅವಳನ್ನ ಬಿಟ್ಟು ನಾನು ಹೆಂಗೆ ಇಳೀಲಿ ಅಂದ. ಹೋಗು, ನೀನು ಬಸುರಿ, ಚಳಿ ಬೀಳುತ್ತೆ ಅಂದ. ಅವತ್ತು ರಾತ್ರಿ ಆಲಿಕಲ್ಲು ಬಿತ್ತು. ಮಾರನೇ ದಿನ ಗಾಳಿ. ಹೊಟ್ಟೆ ಕೆಟ್ಟಿದೆ, ಕುಡಿಯೋಕೆ ನೀರಿಲ್ಲ, ನೀರು ಕಳಿಸಿದ್ರೆ ಮೇಸ್ತ್ರಿ ಹಗ್ಗ ಕುಯ್ದ. ಇಳೀ ಅಂತ ಅವರು ಬೆದರಿಸಿದ್ರು, ಆಸೆ ತೋರಿಸಿದ್ರು. ಮೊದಲು ನನ್ನನ್ನ ಕಡೀರಿ ಅಂತ ಅವನು ಅನ್ನಲಿಲ್ಲ ಭಾವ. ಮಾತಾಡೋಕೆ ಅವನಿಗೆ ಶಕ್ತಿ ಎಲ್ಲಿತ್ತು? ಸುಮ್ಮನೆ ಕೊಂಬೆ ತಬ್ಕೊಂಡು ಕೂತಿದ್ದ. ಅವರು ಗರಗಸ ಗಾಡಿಗೆ ಹಾಕ್ಕೊಂಡು ಹೋಗೋ ತನಕ ಕೂತಿದ್ದ. ಇಳಿಯೋವಾಗ ಕಾಲಲ್ಲಿ ಬಲ ಇಲ್ಲದೆ ಜಾರಿದ, ಅಜ್ಜಿ ತನ್ನ ತೊಗಟೇಲಿ ಅವನ ಎದೆ ಚರ್ಮ ಎಲ್ಲ ಕಿತ್ತುಕೊಂಡ್ಳು. ಲೆಕ್ಕ ಸರಿಹೋಯ್ತು ಅಂತ ನಕ್ಕ. ಚೀಲ ನಾನು ಹೂತೆ. ಇದು ನನ್ನ ಗಂಡ. ನನ್ನ ಸೋದರತ್ತೆ ಮಗ. ಕದ್ದ, ತಿಂದ, ಇಳೀಬಹುದಾಗಿತ್ತು, ಇಳೀಲಿಲ್ಲ. ನನಗೆ ಗೊತ್ತಿರೋದು ಇಷ್ಟೇ."

ಬರ್ನಾಬೆ ಪೆಟ್ಟಿಗೆಯನ್ನು ನೋಡಿದ. ಅವನು ಮಾತಾಡಿದಾಗ ಆ ಗಟ್ಟಿ ಗಂಟಲು ಒಡೆದಿತ್ತು.

"ರೋಷಕ್ಕೆ ಹತ್ತಿದೋನು ರೋಷ ಇಳಿದ ಮೇಲೆ ಇಳೀತಾನೆ," ಎಂದ. "ನಾನಾಗಿದ್ರೆ ಆ ಸಂಜೇನೇ ಇಳೀತಿದ್ದೆ ಸುನಿಲ್ಡಾ. ಇಷ್ಟು ವರ್ಷ ನನ್ನ ತಮ್ಮನ್ನ ನಾನು ಚಿಕ್ಕೋನು ಮಾಡಿ ಹೇಳಿದೆ."

ಆಮೇಲೆ ಅವನು ಜನರ ಕಡೆ ತಿರುಗಿ, ನೆಟ್ಟಗೆ ನಿಂತು, ಸುನಿಲ್ಡಾ ಹೇಳಿದ್ದನ್ನು ಮೊದಲಿನಿಂದ ತಾನೇ ಹೇಳಿದ. ಜೊಲ್ಲನ್ನೂ ಬಿಡಲಿಲ್ಲ, ಚೀಲವನ್ನೂ ಬಿಡಲಿಲ್ಲ, ಹೊಟ್ಟೆ ಕೆಟ್ಟದ್ದನ್ನಂತೂ ಬಿಡಲೇ ಇಲ್ಲ. ಕೊನೆಗೆ, ಇವನು ಹೀಗಿದ್ದನೋ ಇಲ್ಲವೋ ಎಂದು ಕೇಳಿದ.

"ಹೌದು, ಹೀಗೇ ಇದ್ದ!" ಎಂದು ಎಲ್ಲರಿಗಿಂತ ಮೊದಲು ಕೂಗಿದವನು ಅಬೆಲಿನೊ. ಅವನ ಮುಖದ ಮೇಲೆ ಟೋಪಿ ಇರಲಿಲ್ಲ. ಅವನ ಹಿಂದೆ ಥೂ ಎಂದಿದ್ದ ಮುದುಕನೂ ಕೂಗಿದ, ಇಡೀ ಚಪ್ಪರ ಕೂಗಿತು. ಸುನಿಲ್ಡಾಳಿಗೆ ಅಲ್ಲಿಯವರೆಗೆ ಬಾರದ ಅಳು ಆಗ ಬಂತು. ಇವನು ನನ್ನವನು ಎಂದು ಎದೆ ಉಬ್ಬಿ ಬಂದ ಅಳು ಅದು, ಅವಳು ತಡೆಯಲಿಲ್ಲ.

ಊಟವಾಯಿತು. ಪೆಟ್ಟಿಗೆಯ ಮುಂದಿನ ದಿಂಡಿಗೆ ಅಬೆಲಿನೊ ಹೆಗಲು ಕೊಟ್ಟ, ಪಕ್ಕದಲ್ಲಿ ಬರ್ನಾಬೆ. ಈ ವಯಸ್ಸಿನಲ್ಲಿ ನಿನಗೆ ಯಾಕೆ ಎಂದು ಯಾರು ಹೇಳಿದರೂ ಅವನು ಕೇಳಲಿಲ್ಲ. ಮೇಲಿನ ಸ್ಮಶಾನದ ದಾರಿ ಅಜ್ಜಿಮರದ ಕೆಳಗೇ ಹೋಗುತ್ತದೆ. ಅಲ್ಲಿ ಹಾಯುವವರು ಹೆಣ ಹೊತ್ತಿರಲಿ, ಹುಲ್ಲು ಹೊತ್ತಿರಲಿ, ನಿಂತು ಮರಕ್ಕೆ ಮುಖ ಮಾಡಿ ಟೋಪಿ ತೆಗೆಯಬೇಕು. ಮರಕ್ಕೆ ಬೆನ್ನು ಹಾಕಿದವರು ಆ ಕಣಿವೆಯಲ್ಲಿ ಇಲ್ಲ.

ಬರ್ನಾಬೆ ಸನ್ನೆ ಮಾಡಿದ, ಪೆಟ್ಟಿಗೆಯನ್ನು ಮರದಿಂದ ಈಚೆಗೆ ನೆಲಕ್ಕಿಳಿಸಿ, ಜನ ಮರಕ್ಕೂ ಪೆಟ್ಟಿಗೆಗೂ ನಡುವೆ ಬಂದು ನಿಂತರು. ಸವಾರರು ಕುದುರೆಯಿಂದ ಇಳಿದರು. ಹಿರಿಯನೇ ಮೊದಲು ತಿರುಗಿದ. ಅವನನ್ನು ನೋಡಿ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು, ಮಕ್ಕಳನ್ನು ಭುಜ ಹಿಡಿದು ತಿರುಗಿಸಿದರು. ಇಡೀ ಕಣಿವೆ ಅಜ್ಜಿಮರಕ್ಕೆ ಬೆನ್ನು ಮಾಡಿ, ಒನೋಫ್ರೆಗೆ ಮುಖ ಮಾಡಿ ನಿಂತು ಟೋಪಿ ತೆಗೆಯಿತು.